ಹಾರ್ಮೋನಿಯಂ ಪೆಟ್ಟಿಗೆಯ ಎರಡು ಗುಂಡಿ

"ನನ್ನ ಮಗನ್ನ ನಾನ ಕೊಂದೀನ್ರಿ. ಬರಕೊಳ್ರಿ."

ಅಂಬ್ರಪ್ಪ ಮತ್ತೆ ಅದನ್ನೇ ಹೇಳಿದ. ಠಾಣೆಯ ಕಸ ಹೊಡೆಯುವ ಮೊದಲೇ ಬಂದು ಬಾಗಿಲಲ್ಲಿ ಕೂತಿದ್ದವನು. ಚಹಾ ಕೊಟ್ಟರೆ ಮುಟ್ಟಲಿಲ್ಲ, ಕುರ್ಚಿ ಕೊಟ್ಟರೆ ನೆಲಕ್ಕೇ ಕೂತ. ಬಲಗೈಯನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದ.

ತಾವಾಗಿಯೇ ಬಂದು ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಕಳ್ಳನಾದವನು ಸುಳ್ಳು ಹೇಳುವಾಗ ಒಂದಿಷ್ಟು ಶ್ರದ್ಧೆಯಾದರೂ ಇಟ್ಟುಕೊಂಡಿರುತ್ತಾನೆ. ಇವರು ಅರ್ಧಂಬರ್ಧ ಕಥೆ ತಂದು ನಮ್ಮ ಮೇಜಿನ ಮೇಲೆ ಸುರಿದು, ಉಳಿದದ್ದನ್ನು ನೀವೇ ಹೊಲಿದುಕೊಳ್ಳಿ ಎನ್ನುತ್ತಾರೆ.

"ಪರಿಮಳಾ ಮೇಡಂ, ಬರಕೊಳ್ಳಲೇನ್ರಿ?" ಹೆಡ್ ಕಾನ್‌ಸ್ಟೇಬಲ್ ಬಸವಂತ್ರಾಯ ಪೆನ್ನಿನ ಮುಚ್ಚಳ ತೆಗೆದ.

"ಪೆನ್ನು ಕೆಳಗಿಡ್ರಿ," ಎಂದೆ.

ರಂಗಂಪೇಟೆಯ ಮರಿಲಿಂಗ, ಈ ಅಂಬ್ರಪ್ಪನ ಒಬ್ಬನೇ ಮಗ, ತಾನೇ ಕಟ್ಟಿದ ಆಟದ ಯಂತ್ರದಲ್ಲಿ ಕರೆಂಟು ಹೊಡೆದು ಸತ್ತಿದ್ದ. ಮರುದಿನ ಆ ಯಂತ್ರದ ಸಮೇತ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ ಅವನ ಗೆಳೆಯ ರಾಜಾಸಾಬ ನಮ್ಮ ಲಾಕಪ್ಪಿನಲ್ಲಿದ್ದ. ಇವತ್ತು ಮಧ್ಯಾಹ್ನ ಅವನನ್ನು ಕೋರ್ಟಿಗೆ ಒಯ್ಯಬೇಕು. ಒಯ್ದರೆ ಕೊಲೆಯ ಆಪಾದನೆ ಅವನ ಕೊರಳಿಗೆ. ಅಷ್ಟರೊಳಗೆ ನನಗೆ ಸತ್ಯ ಬೇಕಿತ್ತು, ಯಾವುದೋ ಒಂದು ಕಥೆ ಅಲ್ಲ.

"ಹ್ಯಾಂಗ ಕೊಂದಿ ಕಾಕಾ?"

"ಅಂವ ಪೆಟಗ್ಯಾಗ ಕೈ ಹಾಕಿ ಕುಂತಿದ್ದ. ನಾ ಸ್ವಿಚ್ ಹಾಕ್ದೆ."

"ಯಾಕ?"

"ಸಿಟ್ಟ ಬಂತು. ಭಜನಿ ಪೆಟಗಿ ಅದು. ಅದರಾಗ ಹುಡುಗರ ಆಟ ತುಂಬ್ಯಾನ."

ಪೆಟ್ಟಿಗೆ ನನ್ನ ಮೇಜಿನ ಮೇಲೇ ಇತ್ತು. ಹಾರ್ಮೋನಿಯಂ ಹೊತ್ತೊಯ್ಯುವ ಹಳೆಯ ಮರದ ಪೆಟ್ಟಿಗೆ. ಮೇಲೆ ಹಿಡಿಕೆ, ಮುಂದೆ ಹಿತ್ತಾಳೆಯ ಚಿಲಕ. ಮುಚ್ಚಿದ್ದಾಗ ನೋಡಿದರೆ ಯಾವನೋ ಭಜನೆಗೆ ಹೊರಟಿದ್ದಾನೆ ಎನ್ನಬೇಕು. ಮುಚ್ಚಳ ಎತ್ತಿದರೆ ಅದರ ಒಳಮೈಗೆ ಕೆಟ್ಟ ಲ್ಯಾಪ್‌ಟಾಪಿನಿಂದ ಬಿಚ್ಚಿದ ಪರದೆ. ಕೆಳಗೆ ಪ್ಲೈವುಡ್ ಹಲಗೆ, ಅದರ ಎಡಕ್ಕೆ ಆಡಿಸುವ ಕೋಲು, ಕೋಲಿನ ತುದಿಗೆ ಬುಗುರಿಯ ತಲೆ. ಹಲಗೆಯ ಕೆಳಗೆ ಅಂಗೈಯಗಲದ ಒಂದು ಬೋರ್ಡು, ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ, ರೇಡಿಯೋದ ಸ್ಪೀಕರು. ಊರಿನ ಗೇಮ್ ಅಂಗಡಿಯನ್ನು ಒಬ್ಬನೇ ಕೈಯಲ್ಲಿ ಹಿಡಿದು ಸಂತೆಗೆ ಒಯ್ಯಬಹುದು, ಹಾಗಿತ್ತು ಅದು.

ಕೆಟ್ಟದ್ದು ಅಂದರೆ ಒಂದೇ, ವೈರು. ಅದಕ್ಕೆ ಪ್ಲಗ್ ಇರಲಿಲ್ಲ. ತುದಿಯ ತಾಮ್ರವನ್ನು ಗೋಡೆಯ ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುತ್ತಿದ್ದ. ನಮ್ಮ ಕಡೆ ಅರ್ಧ ಊರು ಮಾಡುವುದೇ ಹಾಗೆ. ಕಿತ್ತು ಮತ್ತೆ ಚುಚ್ಚುವುದು ರೇಜಿಗೆ, ಆದ್ದರಿಂದ ಯಾರೂ ಕೀಳುವುದಿಲ್ಲ, ಸ್ವಿಚ್ಚನ್ನಷ್ಟೇ ಆರಿಸುತ್ತಾರೆ.

ನನ್ನ ತಲೆ ತಿಂದದ್ದು ಮಾತ್ರ ಹಲಗೆಯ ಬಲಭಾಗ. ಅಲ್ಲಿ ಎರಡೇ ಗುಂಡಿ. ಒಂದು ಕೆಳಗೆ ಅಂಚಿಗೆ ಬಂದಿತ್ತು, ಇನ್ನೊಂದು ಎಲ್ಲೋ ದೂರ ಮೂಲೆಯಲ್ಲಿ. ನಡುವೆ ಬರೀ ಬಯಲು. ಆ ಬಯಲಿನಲ್ಲಿ ಹಳೆಯ ತೂತುಗಳನ್ನು ಮರದ ಹೊಟ್ಟು ಮತ್ತು ಅಂಟು ಕಲಸಿ ತುಂಬಿ ಉಜ್ಜಿದ ಗುರುತುಗಳು. ಹುಡುಗ ಗುಂಡಿಯ ಜಾಗವನ್ನು ಕೂದಲೆಳೆಯಷ್ಟು ಆಚೀಚೆ ಮಾಡುತ್ತ ಮತ್ತೆ ಮತ್ತೆ ಕೊರೆದಿದ್ದ.

ನಿನ್ನೆ ಬಸವಂತ್ರಾಯ ಅದರ ಮೇಲೆ ಕೈಯಿಟ್ಟು ನೋಡಿ ಬೈದಿದ್ದ. "ಯಾವ ಮಂಗ್ಯಾ ಮಾಡ್ಯಾನ್ರಿ ಇದನ್ನ? ಒಂದು ಒತ್ತಿದ್ರ ಇನ್ನೊಂದು ಸಿಗಂಗಿಲ್ಲ."

ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವನು ಗುಂಡಿಯ ಜಾಗದಲ್ಲಿ ಎಡವುತ್ತಾನೆಯೇ? ಎಡವುವುದಿಲ್ಲ. ಹಾಗಾದರೆ ಇದು ಬೇರೆ ಯಾವುದೋ ಕೈಗೆ ಮಾಡಿದ್ದು.

"ಕಾಕಾ, ಟವೆಲ್ ತೆಗಿ."

"ಯಾಕ್ರಿ?"

"ತೆಗಿ ಅಂದೆ."

ತೆಗೆದ. ಬಲಗೈಯಲ್ಲಿ ಹೆಬ್ಬೆರಳು ಇತ್ತು, ಕಿರುಬೆರಳು ಇತ್ತು. ನಡುವಿನ ಮೂರೂ ಇರಲಿಲ್ಲ. ಹತ್ತಿ ಮಿಲ್ಲಿನ ಯಂತ್ರ ತಿಂದಿತ್ತು. ಅದಕ್ಕೂ ಮೊದಲು ಈತ ಸುತ್ತಲ ಹಳ್ಳಿಗಳಲ್ಲಿ ಭಜನೆಗೆ ಪೆಟ್ಟಿಗೆ ನುಡಿಸುತ್ತಿದ್ದನಂತೆ. ಬೆರಳು ಹೋದ ಮೇಲೆ ಹಾರ್ಮೋನಿಯಂ ಮಾರಿದ. ಹೊರಗಿನ ಪೆಟ್ಟಿಗೆ ಮಾತ್ರ ಯಾಕೋ ಮಾರಲಿಲ್ಲ, ಖಾಲಿ ಪೆಟ್ಟಿಗೆಯನ್ನೇ ಮಂಚದ ಕೆಳಗೆ ಇಟ್ಟುಕೊಂಡ. ಮಿಲ್ಲಿನವರು ಅವನಿಗೆ ಗೇಟು ಕಾಯುವ ಕೆಲಸ ಕೊಟ್ಟರು.

ನಾನು ಪೆಟ್ಟಿಗೆಯನ್ನು ಎತ್ತಿ ಅವನ ಮುಂದೆ ನೆಲದ ಮೇಲಿಟ್ಟೆ.

"ಇದರ ಮ್ಯಾಗ ಕೈಯಿಡು."

"ಒಲ್ಲೆ."

"ಇಡು ಕಾಕಾ."

"ನಾ ಮುಟ್ಟಂಗಿಲ್ರಿ ಅದನ್ನ!"

ನಾನೇ ಅವನ ಮಣಿಕಟ್ಟು ಹಿಡಿದು ಹಲಗೆಯ ಮೇಲಿಟ್ಟೆ. ಹೆಬ್ಬೆರಳು ಕೆಳಗಿನ ಗುಂಡಿಯ ಮೇಲೆ ಬಂದು ಕೂತಿತು. ಕಿರುಬೆರಳು ದೂರದ ಗುಂಡಿಯ ಮೇಲೆ. ಎಳೆಯಬೇಕಾಗಲಿಲ್ಲ, ಸರಿಸಬೇಕಾಗಲಿಲ್ಲ. ನಡುವಿನ ಬಯಲಿನಲ್ಲಿ ಇಲ್ಲದ ಬೆರಳುಗಳ ಜಾಗ ಖಾಲಿ ಉಳಿಯಿತು.

ಬಸವಂತ್ರಾಯ ಬಾಯಿಗೆ ಕೈ ಅಡ್ಡ ಹಿಡಿದ.

ಅಂಬ್ರಪ್ಪ ತನ್ನ ಕೈಯನ್ನೇ ನೋಡುತ್ತಿದ್ದ. ಅದು ಬೇರೆ ಯಾರದೋ ಕೈ ಎನ್ನುವಂತೆ ನೋಡುತ್ತಿದ್ದ.

ಆಗ ಲಾಕಪ್ಪಿನ ಕಂಬಿಯ ಹಿಂದಿನಿಂದ ರಾಜಾಸಾಬನ ದನಿ ಬಂತು. ಎರಡು ದಿನದಿಂದ ಅತ್ತು ಅತ್ತು ಅವನ ಗಂಟಲು ಕಟ್ಟಿತ್ತು.

"ನೀವು ಮಧ್ಯಾಹ್ನ ಮಲಗಿದಾಗ ದಾರ ಇಟ್ಟು ಅಳೀತಿದ್ದ ಕಾಕಾ. ಹೆಬ್ಬಟ್ಟಿನಿಂದ ಕಿರುಬಳ್ಳಿಗಿ. ಎಚ್ಚರ ಆಗಬಾರದಂತ ಉಸಿರು ಸುದ್ದಾ ಬಿಡ್ತಿರಲಿಲ್ಲ. ದಾರ ತಂದು ನಮ್ಮ ಅಂಗಡ್ಯಾಗ ಹಲಗಿ ಮ್ಯಾಗ ಇಟ್ಟು ನೋಡ್ತಿದ್ದ. 'ನಮ್ಮಪ್ಪ ಇನ್ನೊಮ್ಮೆ ಪೆಟಗಿ ಮುಂದ ಕುಂದ್ರಬೇಕಲೇ ರಾಜಾ' ಅಂತಿದ್ದ."

ಪೊಲೀಸ್ ಆಗಿ ಇದನ್ನು ಹೇಳಬಾರದು, ಆದರೆ ಆ ಹೊತ್ತು ನನಗೆ ಯಾರ ಮೇಲೂ ಕೇಸು ಬೇಡವೆನಿಸಿತ್ತು. ಎದ್ದು ಮನೆಗೆ ಹೋಗಿ ನಮ್ಮಪ್ಪನ ಕೈ ಹಿಡಿದುಕೊಂಡು ಕೂರಬೇಕೆನಿಸಿತ್ತು.

ಅಂಬ್ರಪ್ಪ ಅಳಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ಮತ್ತೆ ಟವೆಲ್ ಸುತ್ತಿದ.

"ಹೆಂಗಾರ ಇರಲಿ. ಕೊಂದಾವ ನಾನ. ಆ ಹುಡುಗನ್ನ ಬಿಡ್ರಿ."

"ಬಿಡ್ತೀನಿ. ಒಂದು ಮಾತು ಹೇಳು. ನೀ ಸ್ವಿಚ್ ಹಾಕೂ ಮುಂದ ಅದಕ್ಕ ಏನು ಕಟ್ಟಿತ್ತು?"

ಅವನು ಟವೆಲಿನ ಸುತ್ತನ್ನು ಇನ್ನೊಮ್ಮೆ ಬಿಗಿದುಕೊಂಡ.

ನಿನ್ನೆ ರಾಜಾಸಾಬ ನನಗೆ ಹೇಳಿದ್ದ ಸಂಗತಿ ಇದು. ಹತ್ತಿ ಮಿಲ್ಲಿನಲ್ಲಿ ಯಾರಾದರೂ ಯಂತ್ರದೊಳಗೆ ಕೈ ಹಾಕುವ ಮುನ್ನ ಸ್ವಿಚ್ಚಿಗೆ ಒಂದು ಅರಿವೆಯ ಚೂರು ಕಟ್ಟುತ್ತಾರೆ. ಅರಿವೆ ಕಂಡರೆ ಯಾರೂ ಸ್ವಿಚ್ ಮುಟ್ಟುವ ಹಾಗಿಲ್ಲ. ಕಟ್ಟಿದವನೇ ಬಿಚ್ಚಬೇಕು. ಒಂದು ದಿನ ಯಾರೋ ಅವಸರಗೇಡಿ ಅಂಬ್ರಪ್ಪ ಕಟ್ಟಿದ್ದನ್ನು ಬಿಚ್ಚಿದ್ದ, ಮೂರು ಬೆರಳು ಹೋದವು. ಅಂದಿನಿಂದ ಅಪ್ಪ ಮಗನಿಗೆ ಆಣೆ ಹಾಕಿಸಿದ್ದ: ಕರೆಂಟಿನ ಕೆಲಸ ಮಾಡಿದರೆ ಅರಿವೆ ಕಟ್ಟದೆ ಮಾಡಬಾರದು. ಮರಿಲಿಂಗ ಅವ್ವನ ಹಳೆಯ ಕೆಂಪು ಸೀರೆಯ ತುಂಡು ಇಟ್ಟುಕೊಂಡಿದ್ದ. ಅದನ್ನು ಕಟ್ಟದೆ ಪೆಟ್ಟಿಗೆಯ ಒಂದು ಸ್ಕ್ರೂ ಕೂಡ ಬಿಚ್ಚುತ್ತಿರಲಿಲ್ಲ.

ಆದರೆ ಅವನು ಸತ್ತ ಕೋಣೆಯ ಫೋಟೋಗಳಲ್ಲಿ ಆ ತುಂಡು ಎಲ್ಲೂ ಇರಲಿಲ್ಲ. ಬಿಚ್ಚಿದ ಹಲಗೆಯ ಸ್ಕ್ರೂಗಳು ಒಂದು ಬಟ್ಟಲಲ್ಲಿದ್ದವು, ಗೋಡೆಯ ಸ್ವಿಚ್ಚು ಕೆಳಗೆ ಬಿದ್ದು ಆನ್ ಆಗಿತ್ತು. ಸ್ವಿಚ್ ಬೋರ್ಡಿನ ಮೇಲೆ ಒಂದು ಎಳೆ ದಾರವೂ ಇರಲಿಲ್ಲ.

"ಕೊಂದಾವ ನೀನಾ ಆಗಿದ್ರ ಅರಿಬಿ ನೀನಾ ಬಿಚ್ಚಿರಬೇಕು. ಎಲ್ಲಿಟ್ಟಿ?"

"ಒಗದೀನಿ. ಎಲ್ಲೋ ಒಗದೀನಿ."

"ಎಲ್ಲಿ? ಹಿತ್ತಲದಾಗೋ, ಓಣ್ಯಾಗೋ? ಯಾವ ಬಣ್ಣದ್ದು?"

"ಯವ್ವಾ, ಯಾಕ ಕಾಡ್ತಿ?" ಎಂದವನು ಸಟ್ಟನೆ ನನ್ನ ಕಾಲು ಹಿಡಿದ. "ನಿನ್ನ ಕಾಲಿಗಿ ಬೀಳ್ತೀನಿ. ಆ ಅರಿಬಿ ಮಾತು ಬಿಡು. ಯಾರ ಮುಂದೂ ಎತ್ತಬ್ಯಾಡ."

ಬಸವಂತ್ರಾಯನೂ ನಾನೂ ಸೇರಿ ಅವನನ್ನು ಎಬ್ಬಿಸಿ ಕೂರಿಸಿದೆವು. ಆಗ ಹೊರಬಂತು, ತುಂಡು ತುಂಡಾಗಿ.

ಮಾನೌಮಿ ಹತ್ತಿರ ಬಂದಿತ್ತು. ಹಬ್ಬದ ಮುಂಚೆ ನಮ್ಮ ಕಡೆಯ ಹೆಂಗಸರು ಮನೆಯೊಳಗಿನ ಬಟ್ಟೆ ಎಂಬ ಬಟ್ಟೆಯನ್ನೆಲ್ಲ ನೀರಿಗೆ ಒಯ್ಯುತ್ತಾರೆ. ಕೌದಿ, ಚಾದರ, ಬಾಗಿಲ ಪರದೆ, ಒಲೆಯ ಮಸಿ ಅರಿವೆ, ಒಂದನ್ನೂ ಬಿಡುವ ಹಾಗಿಲ್ಲ. ಒಗೆಯದ ಒಂದು ಚಿಂದಿ ಉಳಿದರೂ ಮನೆಗೆ ಮೈಲಿಗೆ. ನಮ್ಮೂರು ವಡಗೇರಾದಲ್ಲಿ ನಮ್ಮವ್ವ ನಾನು ಉಟ್ಟಿದ್ದನ್ನೂ ಬಿಚ್ಚಿಸಿ ಒಯ್ಯುತ್ತಿದ್ದಳು. ಮರಿಲಿಂಗ ಸತ್ತ ದಿನ ಅವನ ತಾಯಿ ಬಾಲಮ್ಮ ಗಂಟು ಹೊತ್ತು ಕೆನಾಲಿಗೆ ಹೋಗಿದ್ದಳು.

"ನಾ ಮಿಲ್ಲಿನ ಗೇಟಿನ್ಯಾಗ ಇದ್ನಿರಿ. ಬಾಜೂ ಮನಿಯವರು ಫೋನ್ ಮಾಡಿದ್ರು, ಓಡಿ ಬಂದೆ. ಬೋರ್ಡ್ ನೋಡ್ದೆ, ಅರಿಬಿ ಇಲ್ಲ. ಸಂಜಿಕ ಅಕಿ ಒಗದ ತಂದ ಹಸಿ ಗಂಟಿನ್ಯಾಗ ಆ ಕೆಂಪು ತುಂಡು ಕಾಣಿಸ್ತು. ತಿಳೀತು ನನಗ. ಅಂವ ಒಳಗ ಕೈ ಹಾಕಿ ಕುಂತಾನ, ಅಕಿ ನೋಡಿಲ್ಲ. ಒಗ್ಯಾಕಂತ ಜಗ್ಗ್ಯಾಳ. ಜಗ್ಗಿದ್ರ ಸ್ವಿಚ್ ಕೆಳಗ ಬೀಳ್ತದಲ್ರಿ..."

ಟವೆಲಿನಿಂದ ಮುಖ ಮುಚ್ಚಿಕೊಂಡ.

"ಆ ತುಂಡು?"

"ಸುಟ್ಟೀನಿ. ಅಕಿಗಿ ಏನೂ ಗೊತ್ತಿಲ್ರಿ. ಅರಿಬಿ ಜಗ್ಗಿ ಅಕಿ ಹಂಗಾ ಹೊಂಟ ಹೋಗ್ಯಾಳ, ಮಗ ಕೂಗಿದ್ದು ಸುದ್ದಾ ಕೇಳಿಲ್ಲ. ಗೊತ್ತಾತಂದ್ರ ಅಕಿ ಉಳಿಯಂಗಿಲ್ಲ. ಹೆತ್ತ ಕೈಲೇ ಹಿಂಗಾತಂತ ತಿಳಿದು ಯಾವ ತಾಯಿ ಉಳದಾಳು? ರಾಜಾಸಾಬ ಪಾಪದಾವ, ಅವನ್ನ ಬಿಡ್ರಿ. ನನ್ನ ಒಳಗ ಹಾಕ್ರಿ. ಎಲ್ಲಾರಿಗೂ ಬರೋಬರ್ ಆಗ್ತದ."

ರಾಜಾಸಾಬ ಕಂಬಿಗೆ ಹಣೆ ಒತ್ತಿ ನಿಂತಿದ್ದ.

ರಾಜಾಸಾಬನ ಮಾತಿಗೂ ಇದು ತಾಳೆಯಾಗುತ್ತಿತ್ತು. ಅವನು ಬಂದಾಗ ಹಲಗೆ ಬಿಚ್ಚಿತ್ತು, ಮರಿಲಿಂಗನ ಕೈ ಒಳಗಿತ್ತು, ಜೀವ ಹೋಗಿತ್ತು. ವೈರು ಕಿತ್ತ, ಓಣಿಯವರನ್ನು ಕೂಗಿದ. ಜನ ಸೇರಿದ ಗದ್ದಲದಲ್ಲಿ ಪೆಟ್ಟಿಗೆ ಎತ್ತಿಕೊಂಡು ಓಡಿಬಿಟ್ಟ. ಯಾಕೆ ಕದ್ದೆ ಎಂದು ಗದರಿದ್ದಕ್ಕೆ ಅವನು ಕೊಟ್ಟ ಉತ್ತರ ಹೀಗಿತ್ತು. "ಅಲ್ಲೇ ಬಿಟ್ಟಿದ್ರ ಮಗನ್ನ ತಿಂದ ಪೆಟಗಿ ಅಂತ ಒಡದು ಒಲಿಗಿ ಹಾಕ್ತಿದ್ರು ಮೇಡಂ. ಅಂವ ಅಷ್ಟು ಜೀವಾ ತೇದು ಮಾಡಿದ್ದು."

ಹಾಗಾದರೆ ಇಷ್ಟೇ. ಕೊಲೆಯಲ್ಲ, ಕಳವೂ ಅಲ್ಲ. ಹಬ್ಬಕ್ಕೆ ಮನೆ ಮಡಿ ಮಾಡಲು ಹೊರಟ ಒಬ್ಬ ತಾಯಿ. ನಮ್ಮ ಕಾಗದದಲ್ಲಿ ಇದಕ್ಕೆ ಆಕಸ್ಮಿಕ ಎಂದು ಬರೆಯುತ್ತೇವೆ. ತಾಯಿಯ ಹೊಟ್ಟೆಗೆ ಆ ಮಾತು ಹೇಳಿ ನಂಬಿಸುವವರು ಯಾರು?

ಒಳಗೆ ನಿರಪರಾಧಿ ಹುಡುಗ. ಅವನನ್ನು ಬಿಡಿಸಬೇಕಾದರೆ ನಡೆದದ್ದನ್ನು ಬರೆಯಬೇಕು. ಬರೆದರೆ ಅದು ಬಾಲಮ್ಮನ ಕಿವಿಗೆ ಬೀಳುತ್ತದೆ, ಓಣಿಯವರು ಬೀಳಿಸದೆ ಬಿಡುವುದಿಲ್ಲ. ಬರೆಯದಿದ್ದರೆ ಈ ಮುದುಕನ ಸುಳ್ಳನ್ನು ಬರೆಯಬೇಕು. ಒಂದು ಗಳಿಗೆ ನನ್ನ ಕೈ ಪೆನ್ನಿನ ಕಡೆ ಹೋದದ್ದು ನಿಜ. ಯಾರು ಏನಾದರೂ ಅಂದುಕೊಳ್ಳಲಿ.

"ಮೇಡಂ," ಬಸವಂತ್ರಾಯ ಬಾಗಿಲ ಕಡೆ ಕಣ್ಣು ಮಾಡಿದ.

ಬಾಲಮ್ಮ ಮೆಟ್ಟಿಲು ಹತ್ತುತ್ತಿದ್ದಳು.

ಸೆರಗು ತಲೆಯ ಮೇಲಿತ್ತು, ಕೈಯಲ್ಲಿ ಬುತ್ತಿಗಂಟು. ಗಂಡನ ಕಡೆ ನೋಡಿದಳು, ಆದರೆ ಮೊದಲು ಹೋದದ್ದು ಲಾಕಪ್ಪಿನ ಹತ್ತಿರ. ಎರಡು ರೊಟ್ಟಿ, ಪುಂಡಿಪಲ್ಯ ಕಂಬಿಯೊಳಗೆ ಚಾಚಿದಳು.

"ತಗೋ ರಾಜಾ. ನಮ್ಮನ್ಯಾಗ ಒಲಿ ಹಚ್ಚಿಲ್ಲಪ್ಪ, ಬಾಜೂ ಮನಿಯವರು ಕೊಟ್ಟಿದ್ದು. ಉಣ್ಣು."

ರಾಜಾಸಾಬ ರೊಟ್ಟಿ ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕಿದ. "ಅವ್ವಾ, ನಾ ಏನೂ ಮಾಡಿಲ್ಲವ್ವಾ."

"ನನಗ ಗೊತ್ತದ. ನೀ ಉಣ್ಣು."

ಅಂಬ್ರಪ್ಪ ನನ್ನನ್ನೇ ನೋಡುತ್ತಿದ್ದ. ಆ ಕಣ್ಣುಗಳಲ್ಲಿ ಒಂದೇ ಬೇಡಿಕೆ ಇತ್ತು: ಕೇಳಬೇಡ. ನಾನು ಕೇಳಲಿಲ್ಲ. ಪೆಟ್ಟಿಗೆಯನ್ನು ಮುಚ್ಚೋಣವೆಂದು ಬಗ್ಗಿದೆ.

"ಮುಚ್ಚಬ್ಯಾಡ್ರಿ," ಎಂದಳು ಬಾಲಮ್ಮ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಆ ಎರಡು ಗುಂಡಿಗಳನ್ನು ಬೆರಳಿನಿಂದ ಸವರಿದಳು. "ಇದು ಮುಗಿದಿತ್ರಿ ಮೇಡಂ. ಪೂರಾ ಮುಗಿದಿತ್ತು."

"ಏನು?"

"ಅವತ್ತು ಮುಂಜಾನಿನಾ ಮುಗಿಸಿದ. ಹಲಗಿ ಕೂಡಿಸಿ ಸ್ಕ್ರೂ ಎಲ್ಲಾ ಬಿಗಿ ಮಾಡಿದ. ನಾ ಅರಿಬಿ ಗಂಟು ಕಟ್ಟಾಕತ್ತಿದ್ದೆ. ಬೋರ್ಡಿಗಿ ಕಟ್ಟಿದ್ದ ಕೆಂಪು ತುಂಡು ತಾನಾ ಬಿಚ್ಚಿ ತಂದು ನನ್ನ ಗಂಟಿನ್ಯಾಗ ಒಗದ. 'ಯವ್ವಾ, ಇನ್ನ ಇದರ ಕೆಲಸ ಇಲ್ಲ, ಛಲೋತ್ನಾಗಿ ಒಗದು ತಾ' ಅಂದ. ನಕ್ಕೋತ ಅಂದ್ರಿ. ನನ್ನ ಕೂಸು ಅಷ್ಟು ನಕ್ಕಿದ್ದು ನಾ ಎಂದೂ ನೋಡಿರಲಿಲ್ಲ."

ನಾನೂ ಅವಳ ಪಕ್ಕ ನೆಲಕ್ಕೆ ಕೂತೆ.

"ಅಂವನಾ ಬಿಚ್ಚಿದನಾ? ನಿನ್ನ ಕಣ್ಣಮುಂದ?"

"ಹೌದ್ರಿ."

"ಅವಾಗ ಪೆಟಗಿ ಮುಚ್ಚಿತ್ತು?"

"ಮುಚ್ಚಿತ್ರಿ. ಮುಚ್ಚಿದ ಪೆಟಗಿ ಮುಂದ ಎರಡೂ ಕೈ ಕಟಗೊಂಡು ಕುಂತಿದ್ದ. ಅಂವನ್ನ ಜೀವಂತ ನೋಡಿದ್ದು ನಾ ಅದಾ ಕೊನೀಗಿ."

ಹಾಗಾದರೆ ಬಾಲಮ್ಮ ಏನನ್ನೂ ಜಗ್ಗಿರಲಿಲ್ಲ. ಅವಳ ಕೈಯಿಂದ ಏನೂ ಆಗಿರಲಿಲ್ಲ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಂಬ್ರಪ್ಪನ ಕಡೆ ತಿರುಗಿದೆ. ಹೆಂಡತಿಗಾಗಿ ಜೈಲಿಗೆ ಹೋಗಲು ಬಂದವನಲ್ಲವೇ, ನನಗಿಂತ ಮೊದಲು ಅವನೇ ಉಸಿರು ಬಿಡಬೇಕಿತ್ತು.

ಅವನು ಬಿಡಲಿಲ್ಲ. ಅವನ ಮುಖ ಬೂದಿ ಬಡಿದಂತಾಗಿತ್ತು.

ಮುಗಿದ ಪೆಟ್ಟಿಗೆಯನ್ನು ಮರಿಲಿಂಗ ಮತ್ತೆ ಯಾಕೆ ಬಿಚ್ಚಿದ? ಆಣೆ ಮಾಡಿದ ಹುಡುಗ, ಅರಿವೆ ಕಟ್ಟದೆ ಯಾಕೆ ಕೈ ಹಾಕಿದ? ಯಾರಾದರೂ ಎದುರಿಗೆ ನಿಂತು ಬಿಚ್ಚಿಸಿ, ಕೈ ಹಾಕಿಸಿದರೆ?

"ಆಮ್ಯಾಲ ಏನಾತು ಯವ್ವಾ?" ಎಂದೆ.

"ಆಮ್ಯಾಲ ಏನ್ರಿ, ನಾ ಗಂಟು ಹೊತಗೊಂಡು ಹೊಂಟೆ. ಕೆನಾಲಿಗಿ ಹೋಗೂ ದಾರ್ಯಾಗ ಮಿಲ್ಲಿನ ಗೇಟ್ ಬರ್ತದ. ಇವರಿಗಿ ಹೇಳ್ದೆ. ಮಗ ಕರ್ಯಾಕತ್ತಾನ, ಮದಲ ಅಪ್ಪಗ ತೋರಸ್ತೀನಿ ಅಂತ ಕುಂತಾನ, ಜಲ್ದಿ ಹೋಗ್ರಿ ಅಂದೆ. ಇವರು ಗೇಟ್ ಇನ್ನೊಬ್ಬನ ಕೈಯಾಗ ಕೊಟ್ಟು ಸೈಕಲ್ ಹತ್ತಿದ್ರು. ಮನಿ ಕಡೆ ಹೋಗೂತನ ನಿಂತು ನೋಡೀನಿ."

ಬಸವಂತ್ರಾಯ ಮೆಲ್ಲನೆ ಎದ್ದು ಬಾಗಿಲಿಗೆ ಅಡ್ಡ ನಿಂತ.

ಬಾಲಮ್ಮನಿಗೆ ಅದೊಂದೂ ಕಾಣಲಿಲ್ಲ. ಅವಳು ಗಂಡನ ಕಡೆ ತಿರುಗಿ, ಅವನ ಟವೆಲ್ ಸುತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅನುಮಾನ ಇರಲಿಲ್ಲ, ಬರೀ ಆಸೆ ಇತ್ತು.

"ಕೇಳಬೇಕಂತ ಮಾಡ್ತೀನ್ರಿ, ಬಾಯಿ ಬರವಲ್ದು. ನೀವು ಹೋದಾಗ ಅಂವ ಖುಷಿ ಆಗಿದ್ನಲ್ಲ? ನಿಮ್ಮ ಕೂಡ ಏನು ಮಾತಾಡಿದ? ನನಗ ಹೇಳ್ರಿ. ನನ್ನ ಮಗ ಕೊನೀಗಿ ಏನಂದ?"

ಬೆಳಗಿನಿಂದ ಕೊಂದೆ ಕೊಂದೆ ಎಂದು ಒಂದೇ ಸಮನೆ ಹೇಳುತ್ತಿದ್ದ ಮನುಷ್ಯ ತನ್ನ ಕೈಯನ್ನು ಅವಳ ಹಿಡಿತದಿಂದ ಬಿಡಿಸಿಕೊಂಡ.

"ನೀ ಹೇಳಿದ ಮ್ಯಾಲ ನಾ ಮನಿಗಿ ಹೋಗೇ ಇಲ್ಲ," ಎಂದ ಅಂಬ್ರಪ್ಪ.

ಬಾಲಮ್ಮ ಗಂಡನ ಮುಖವನ್ನೇ ನೋಡುತ್ತ ಮೆಲ್ಲಗೆ ಹಿಂದಕ್ಕೆ ಸರಿದಳು.